ಕಾಫಿ ಮಿಷನ್ನಿನ ನಾಡಿ ಹಿಡಿಯುವ ಖುದ್ದೂಸ್ ಸಾಬರು

ಹೆಬ್ಬಾಳದ ಹಳೇ ಊರಿನಲ್ಲಿ ಕೋಳಿಗಳೂ ಇನ್ನೂ ಎದ್ದಿಲ್ಲ. ಸೊಣ್ಣಮ್ಮನವರ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ, ಜರ್ಮನಿಯಿಂದ ಬಂದ ಬಿಳಿ ಬಣ್ಣದ ಕಾಫಿ ಮಿಷನ್ನು ಕೂತಿದೆ. ಅದರ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಖುದ್ದೂಸ್ ಸಾಬರು ಕೂತಿದ್ದಾರೆ. ರಂಜಾನ್ ತಿಂಗಳು. ಉಪವಾಸ ಹಿಡಿಯುವ ಮುಂಚಿನ ಸಹರಿಯ ಊಟ ಮುಗಿಸಿ ಆರ್.ಟಿ. ನಗರದಿಂದ ಸೈಕಲ್ ತುಳಿದುಕೊಂಡು ಬಂದವರು, ಅಜಾನ್ ಕೂಗುವುದರೊಳಗೆ ಕೆಲಸ ಮುಗಿಸಬೇಕು. ಆದರೂ ಅವರ ಸಾಮಾನಿನ ಚೀಲದ ಬಾಯಿ ಇನ್ನೂ ಬಿಚ್ಚಿಲ್ಲ.

"ದಿನಾ ಹೆಂಗ್ ಮಾಡ್ತೀರೋ ಹಂಗೇ ಮಾಡಿ ಅಮ್ಮ. ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ," ಎನ್ನುತ್ತಾರೆ.

"ಇಷ್ಟ್ ದಪ್ಪ ಮನ್ಸ ಮುಂದೆ ಕುಂತವ್ನೆ, ಇಲ್ಲ ಅಂತ ಎಂಗಪ್ಪ ಅಂದ್ಕೊಳ್ಳಾದು?" ಎಂದು ಸೊಣ್ಣಮ್ಮ ನಗುತ್ತಾರೆ. ನಗುತ್ತಲೇ, ಸ್ಟೂಲಿನ ಮೇಲೆ ಕೂತಲ್ಲಿಂದ, ಎಡಗೈಯಲ್ಲಿ ಚೊಂಬು ಎತ್ತಿ ಮಿಷನ್ನಿನ ಬೆನ್ನಿಗಿರುವ ತೊಟ್ಟಿಗೆ ನೀರು ಸುರಿಯುತ್ತಾರೆ. ಮೇಲಿನ ಬಟ್ಟಲಿಗೆ ಬಟ್ಟೆ ಹಾಸಿ, ಅದರೊಳಗೆ ಕಾಫಿಪುಡಿ ಹಾಕಿ ಮುಚ್ಚುತ್ತಾರೆ. ಗುಂಡಿ ಒತ್ತಿದರೆ ಸಾಕು, ನೀರು ತಾನೇ ಕಾದು, ತಾನೇ ಮೇಲೇರಿ, ಪುಡಿಯ ಮೂಲಕ ಇಳಿದು ಕೆಳಗಿನ ಗಾಜಿನ ಜಗ್ಗಿನಲ್ಲಿ ಡಿಕಾಕ್ಷನ್ ಆಗಿ ತುಂಬುತ್ತದೆ. ಅವರ ಬಲಗೈ ಇಷ್ಟು ಹೊತ್ತೂ ಮಡಿಲಲ್ಲಿ ಸುಮ್ಮನೆ ಮಲಗಿರುತ್ತದೆ.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆ ಕೈ ಬಿದ್ದುಹೋಯಿತು. ಅದಕ್ಕೆ ಮೊದಲು ಈ ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಏಳುವವರು ಅವರೇ, ಎದ್ದವರ ಕೈಗೆಲ್ಲ ಕಾಫಿ ಲೋಟ ಇಡುವವರೂ ಅವರೇ. ಕುದಿಯುವ ಪಾತ್ರೆ ಎತ್ತಲಾಗದೆ ಹೋದ ಮೇಲೆ ಮೂಲೆಯಲ್ಲಿ ಕೂತರು. "ಕುಂತಲ್ಲಿಗೆ ಕಾಫಿ ತಂದುಕೊಡೋರು. ನನ್ ಮನೇಲೇ ನಂಟರ ತರ ಆಗೋಗಿದ್ದೆ," ಎನ್ನುತ್ತಾರೆ. ಮಹಡಿಯ ಮೇಲೆ ಬಾಡಿಗೆಗಿದ್ದ ಜರ್ಮನ್ ಎಂಜಿನಿಯರು ದೇಶಕ್ಕೆ ವಾಪಸು ಹೋಗುವಾಗ ಈ ಮಿಷನ್ನನ್ನು ಅಜ್ಜಿಗೆ ಕೊಟ್ಟು ಕೈಮುಗಿದು ಹೋದ. ಒಂದೇ ಕೈಯಲ್ಲಿ ಕಾಫಿ ಮಾಡಬಹುದು ಎಂದು ಗೊತ್ತಾದ ದಿನ ಸೊಣ್ಣಮ್ಮ ಮತ್ತೆ ಮನೆಯೊಡತಿಯಾದರು.

ಈಗ ಆ ಒಡೆತನಕ್ಕೇ ಸಂಚಕಾರ ಬಂದಿದೆ. ಹೋದ ವಾರ ಬೆಳಗ್ಗೆ ಸೊಸೆ ಲಕ್ಕಮ್ಮ ಮಿಷನ್ನು ಒರೆಸಲು ಹೋಗಿ ಶಾಕ್ ಹೊಡೆಸಿಕೊಂಡರು. ಮಾರನೆಯ ದಿನವೂ ಅದೇ ಕಥೆ. ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್ ಎಲ್ಲ ನೋಡಿ, ಏನೂ ತೊಂದರೆಯಿಲ್ಲ ಎಂದು ಹೇಳಿ ಹೋದ. ಅದರ ಮಾರನೆಯ ಬೆಳಗ್ಗೆ ಮತ್ತೆ ಶಾಕ್. ಮಗ ಆನಂದಪ್ಪನವರಿಗೆ ತಾಯಿ ಎಂದರೆ ಜೀವ. ಅದಕ್ಕೇ ಮಿಷನ್ನನ್ನು ಕಂಡರೆ ಕೆಂಡ. "ಅಮ್ಮಂಗೆ ಕಾಫಿ ಮಾಡೋ ಆಸೆ ಅಂತ ಅಮ್ಮನ್ನೇ ಕಳ್ಕೊಳ್ಳೋಕಾಗುತ್ತಾ ಸಾಬ್ರೇ? ಆ ಕೈಗೆ ಶಾಕ್ ಹೊಡೆದ್ರೂ ಗೊತ್ತಾಗಲ್ಲ. ಇವತ್ತು ಸರಿಹೋದ್ರೆ ಸರಿ, ಇಲ್ಲಾಂದ್ರೆ ಗುಜರಿಗೆ," ಎಂದು ಬಾಗಿಲಿಗೆ ಒರಗಿ ನಿಂತು ಹೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ ಎಂಬುದೇ ಖುದ್ದೂಸ್ ಸಾಬರ ಸಂಕಟ.

ಆರ್.ಟಿ. ನಗರದ ಮಾರ್ಕೆಟ್ಟಿನ ಹಿಂದೆ, ಹೊಂಗೆಮರದ ನೆರಳಲ್ಲಿ ಒಂದು ತಗಡಿನ ಪೆಟ್ಟಿಗೆ ಅಂಗಡಿ ಇದೆ. ಬೋರ್ಡಿಲ್ಲ. ಅದರೊಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಂತೇ ಮಾತಾಡಬೇಕು. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಹೀಟರು ಎಲ್ಲವನ್ನೂ ಖುದ್ದೂಸ್ ಸಾಬರು ನೋಡುತ್ತಾರೆ. ಆದರೆ ಯಲಹಂಕದಿಂದ ಯಶವಂತಪುರದವರೆಗೆ ಅವರ ಹೆಸರು ನಡೆಯುವುದು "ಕಾಫಿ ಮಿಷನ್ ಸಾಬ್ರು" ಎಂದೇ. ದುಬೈಗೆ ಹೋದ ಅಳಿಯ ತಂದದ್ದು, ಏರ್‌ಫೋರ್ಸ್ ಆಫೀಸರು ವರ್ಗವಾಗಿ ಹೋಗುವಾಗ ಮಾರಿದ್ದು, ವಿಜ್ಞಾನಿಯೊಬ್ಬರು ಹೊರದೇಶದಿಂದ ಹೊತ್ತು ತಂದದ್ದು – ಇಂಥ ಮಿಷನ್ನುಗಳು ಈ ಕಡೆಯ ಮನೆಗಳಲ್ಲಿ ಒಂದೊಂದಾಗಿ ಸೇರಿಕೊಂಡಿವೆ. ಕೆಟ್ಟರೆ ಕಂಪನಿ ಏಳು ಸಮುದ್ರದಾಚೆ. ಇಲ್ಲಿರುವುದು ಖುದ್ದೂಸ್ ಸಾಬರೊಬ್ಬರೇ.

ಅವರ ಅಪ್ಪ ಚಿಕ್ಕಜಾಲದಲ್ಲಿ ಕಲಾಯಿ ಸಾಬರು. ಊರೂರಿನ ಹಿತ್ತಾಳೆ ಪಾತ್ರೆಗೆ, ಕಾಫಿ ಫಿಲ್ಟರಿಗೆ ತವರ ಬಳಿದು ಬೆಳ್ಳಿಯಂತೆ ಮಾಡಿಕೊಡುತ್ತಿದ್ದರು. ಸ್ಟೀಲು ಬಂತು, ಕಲಾಯಿ ಹೋಯಿತು. ಮಗ ಪಂಪ್‌ಸೆಟ್ ರಿಪೇರಿ ಕಲಿತು ಹೆಬ್ಬಾಳದ ದ್ರಾಕ್ಷಿ ತೋಟಗಳ ಮೆಕ್ಯಾನಿಕ್ಕಾದರು. ತೋಟಗಳು ಸೈಟಾದವು, ಪಂಪುಗಳೂ ಹೋದವು. ಆಮೇಲಿನ ಕಾಲವನ್ನು ನೆನೆದರೆ ಅವರ ಹೆಂಡತಿ ಸುಗ್ರಾ ಈಗಲೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಊದುಬತ್ತಿ ಹೊಸೆದು ಮನೆ ನಡೆಸಿದವರು ಆಕೆ. "ಇವ್ರು ಬೆಳಗ್ಗೆ ಎದ್ದು ಸ್ಪ್ಯಾನರ್ ಒರೆಸೋರು, ಮತ್ತೆ ಚೀಲದಲ್ಲಿ ಇಡೋರು. ಕೆಲಸಾನೇ ಇಲ್ಲ. ಆದ್ರೂ ದಿನಾ ಒರೆಸೋರು," ಎನ್ನುತ್ತಾರೆ. ಒಂದು ದಿನ ಏರ್‌ಫೋರ್ಸ್ ಕ್ವಾರ್ಟರ್ಸಿನಿಂದ ನೀರನ್ನು ತಾನೇ ಮೇಲೆತ್ತುವ ಕರೆಂಟಿನ ಕಾಫಿ ಕೆಟಲೊಂದು ಕೈಗೆ ಬಂತು. ಖುದ್ದೂಸ್ ಸಾಬರು ಬಿಚ್ಚಿ ನೋಡಿ, "ಇದೂ ಪಂಪೇ ಅಲ್ವಾ, ಸ್ವಲ್ಪ ಸಣ್ಣದು," ಎಂದುಕೊಂಡರಂತೆ. ಅಲ್ಲಿಂದ ಅನ್ನದ ದಾರಿ ತೆರೆಯಿತು.

ಮಿಷನ್ನಿಗಿಂತ ಮನುಷ್ಯರನ್ನು ರಿಪೇರಿ ಮಾಡುವುದೇ ಹೆಚ್ಚು ಎಂದು ಅವರು ತಮಾಷೆ ಮಾಡುತ್ತಾರೆ. ಯಲಹಂಕದ ಒಂದು ಮನೆಯವರು, ಹೇಗೂ ಹಾಲು ಬೆರೆಸಲೇಬೇಕಲ್ಲ ಎಂದು ನೀರಿನ ತೊಟ್ಟಿಗೇ ಹಾಲು, ಸಕ್ಕರೆ, ಜೊತೆಗೆ ಒಂದಿಷ್ಟು ಏಲಕ್ಕಿ ಹಾಕಿ ಗುಂಡಿ ಒತ್ತಿದರು. ಕೊಳವೆಯೊಳಗೆ ಪಾಲ್ಕೋವಾ ಆಗಿತ್ತು. ಯಶವಂತಪುರದ ಇನ್ನೊಂದು ಮನೆಯಲ್ಲಿ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿದ್ದಲ್ಲದೆ ಆವಿ ಹೋಗುವ ತೂತಿಗೆ ಸೇವಂತಿಗೆ ಸಿಕ್ಕಿಸಿ, ಮರುದಿನ ಅದನ್ನು ತೆಗೆಯುವುದನ್ನೇ ಮರೆತರು. ಚಿಕೋರಿ ಬೆರೆಸಿದ ನುಣ್ಣನೆ ಪುಡಿ ಹಾಕಿ, ನೀರು ಇಳಿಯದೆ ಉಕ್ಕಿ ಹರಿದ ಮನೆಗಳಂತೂ ಲೆಕ್ಕವಿಲ್ಲ. "ಮಿಷನ್ ಜರ್ಮನಿದು, ಪುಡಿ ಚಿಕ್ಕಮಗಳೂರಿಂದು, ನೀರು ನಮ್ಮ ಬೋರ್‌ವೆಲ್‌ದು. ಒಬ್ರ ಭಾಷೆ ಒಬ್ರಿಗೆ ಬರಲ್ಲ. ನಾನು ಮಧ್ಯೆ ಕೂತು ರಾಜಿ ಮಾಡಿಸ್ತೀನಿ, ಅಷ್ಟೇ," ಎನ್ನುತ್ತಾರೆ.

ಆ ರಾಜಿ ಸುಲಭವಲ್ಲ. ಬೋರ್‌ವೆಲ್ ನೀರಿನ ಸುಣ್ಣ ಕೊಳವೆಯಲ್ಲಿ ಹಲ್ಲಿನ ಪಾಚಿಯಂತೆ ಕಟ್ಟಿಕೊಳ್ಳುತ್ತದೆ. ನಿಂಬೆರಸ ಸೋಸಿ ಹಾಕಿ, ಕಾಯಿಸಿ, ಮೂರ್ನಾಲ್ಕು ಸಲ ತೊಳೆಯಬೇಕು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಹಳೇ ಸ್ನೇಹಿತ ದಸ್ತಗೀರ್ ಇವರಿಗೆಂದೇ ಒಂದು ಡಬ್ಬಿ ಎತ್ತಿಟ್ಟಿರುತ್ತಾರೆ. ಅದರೊಳಗಿನ ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟು ಕಾಫಿ ಮಿಷನ್ನಿಗೆ ಹೊಂದುತ್ತದೆ, ಕುಕ್ಕರಿನ ಗ್ಯಾಸ್ಕೆಟ್ಟು ಕತ್ತರಿಸಿದರೆ ವಾಷರಾಗುತ್ತದೆ. ಖುದ್ದೂಸ್ ಸಾಬರ ಹತ್ತು ಬೆರಳಿನಲ್ಲೂ ಸುಟ್ಟ ಗುರುತುಗಳಿವೆ. ಕೇಳಿದರೆ, ಬೆರಳನ್ನು ಲುಂಗಿಗೆ ಒರೆಸಿಕೊಂಡು ಮಾತು ಬದಲಿಸುತ್ತಾರೆ.

ಅವರ ಪದ್ಧತಿಗಳು ಎರಡು. ನಸುಕಿನಲ್ಲಿ, ಮನೆಯ ಮೊದಲ ಕಾಫಿಯ ಹೊತ್ತಿಗೇ ಬರುವುದು ಒಂದು. "ಸಂಜೆ ಬಂದ್ರೆ ಮಿಷನ್ ಬಿಸಿ ಇರುತ್ತೆ, ಕಾಯಿಲೆ ಬಚ್ಚಿಟ್ಕೊಳ್ಳುತ್ತೆ. ಬೆಳಗ್ಗೆ ತಣ್ಣಗಿರುವಾಗ ನಿಜ ಹೇಳುತ್ತೆ. ಅವರ ಮನೆ ನೀರು, ಅವರ ಮನೆ ಪುಡಿ, ಅವರ ಮನೆ ಕೈ – ಎಲ್ಲಾ ನೋಡ್ಬೇಕು." ಇನ್ನೊಂದು, ರಿಪೇರಿಯಾದ ಮಿಷನ್ನಿನ ಮೊದಲ ಲೋಟವನ್ನು ತಾವೇ ಕುಡಿಯುವುದು. ಕುಡಿದು "ಪರವಾಗಿಲ್ಲ" ಎಂದರೆ ಮಾತ್ರ ಮಿಷನ್ನು ಮನೆಯವರದು. ಅದಕ್ಕೇ ರಂಜಾನ್ ಬಂತೆಂದರೆ ಅವರ ಗಿರಾಕಿಗಳ ಮನೆಗಳಲ್ಲಿ ಇನ್ನೂ ಕತ್ತಲಿರುವಾಗಲೇ ದೀಪ ಹತ್ತುತ್ತದೆ. ಸಾಬರು ಉಪವಾಸ ಹಿಡಿಯುವ ಮೊದಲು ಕಾಫಿ ಕುಡಿಯಲಿ ಎಂದು ಮಡಿವಂತ ಅಜ್ಜಿಯರೂ ಅಲಾರಂ ಇಟ್ಟುಕೊಂಡು ಏಳುತ್ತಾರೆ. ಯಾವ ಸರ್ಕಾರವೂ ಕೊಡದ ಮರ್ಯಾದೆ ಅದು.

ಸೊಣ್ಣಮ್ಮನವರ ಮಿಷನ್ನು ಮೂರು ದಿನ ಖುದ್ದೂಸ್ ಸಾಬರ ಅಂಗಡಿಯಲ್ಲಿತ್ತು. ಬಿಚ್ಚಿದಾಗ ಮೊದಲು ಸಿಕ್ಕಿದ್ದು ಹುಣಸೆಹಣ್ಣಿನ ನಾರು. ಲಕ್ಕಮ್ಮ ಹಿತ್ತಾಳೆ ಚೊಂಬಿನಂತೆ ಇದನ್ನೂ ಬೆಳಗೋಣವೆಂದು ತೊಟ್ಟಿಗೆ ಹುಣಸೆನೀರು ಕಿವುಚಿ ಹಾಕಿದ್ದರು. ನಾರು ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡು ಡಿಕಾಕ್ಷನ್ ಹನಿಹನಿಯಾಗಿ ಬೀಳುತ್ತಿತ್ತು. ಅದೇನೋ ಸರಿ. ಆದರೆ ಶಾಕ್? ಎಷ್ಟು ಹುಡುಕಿದರೂ ಅದರ ಸುಳಿವಿಲ್ಲ. ಕಾಯಿಲು ಚೆನ್ನಾಗಿದೆ, ವೈರು ಚೆನ್ನಾಗಿದೆ. ಅಂಗಡಿಯಲ್ಲಿ ಮಿಷನ್ನು ಹಸುವಿನಂತೆ ಸಾಧು. "ಮೂರು ದಿನ ನನ್ನ ತಲೆ ಕೆಡಿಸ್ತು. ನಾನೂ ಸೋತೆ ಅಂತಾನೇ ಅಂದ್ಕೊಂಡೆ," ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಬೇಕಾದರೆ ಆನಂದಪ್ಪನವರ ಮಾತಿಗೆ ಹೂಂಗುಟ್ಟಿ ಮಿಷನ್ನನ್ನು ಗುಜರಿಗೆ ಕಳಿಸಬಹುದಿತ್ತು. ಸೊಣ್ಣಮ್ಮನವರ ಮುಖ ನೆನಪಾಗಿ ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಈ ನಸುಕಿನಲ್ಲಿ ಅವರು ಸುಮ್ಮನೆ ಕೂತು ನೋಡುತ್ತಿದ್ದಾರೆ. ಮಿಷನ್ನು ಗೊರಗೊರ ಎನ್ನುತ್ತದೆ. ಡಿಕಾಕ್ಷನ್ ಇಳಿಯುತ್ತಿದೆ, ಘಮ ಬರುತ್ತಿದೆ. ಸಾಬರು ಎದ್ದು ಬರಿಗಾಲಲ್ಲಿ ನಿಲ್ಲುತ್ತಾರೆ, ಮಿಷನ್ನಿನ ಮೈಗೆ ಟೆಸ್ಟರ್ ಮುಟ್ಟಿಸುತ್ತಾರೆ. ದೀಪ ಹತ್ತುವುದಿಲ್ಲ. ಆನಂದಪ್ಪ ಬಾಗಿಲು ಬಿಟ್ಟು ಒಳಗೆ ಬರುತ್ತಾರೆ. "ಇರಿ," ಎನ್ನುತ್ತಾರೆ ಸಾಬರು.

ಒಳಗೆ ಬಚ್ಚಲಮನೆಯ ಕಡೆಯಿಂದ ಸ್ವಿಚ್ಚಿನ ಸದ್ದು ಬರುತ್ತದೆ. ಲಕ್ಕಮ್ಮ ಎಂದಿನಂತೆ ಸ್ನಾನದ ನೀರಿಗೆಂದು ಗೀಸರ್ ಹಾಕಿದ್ದಾರೆ. ಸಾಬರ ಕೈಯಲ್ಲಿದ್ದ ಟೆಸ್ಟರಿನೊಳಗೆ ಕೆಂಪು ದೀಪ ಮಿಣುಕ್ಕೆಂದು ಹತ್ತಿಕೊಳ್ಳುತ್ತದೆ.

"ಲಕ್ಕಮ್ಮನೋರೇ, ಗೀಸರ್ ಆಫ್ ಮಾಡಿ!" ಎಂದು ಕೂಗುತ್ತಾರೆ. ದೀಪ ಆರುತ್ತದೆ. "ಈಗ ಹಾಕಿ!" ಮತ್ತೆ ಹತ್ತುತ್ತದೆ. "ಆಫ್ ಮಾಡಿ! ನಲ್ಲಿ ಮುಟ್ಬೇಡಿ, ಆಚೆ ಬಂದ್ಬಿಡಿ!"

ಮಿಷನ್ನಿನ ತ್ರೀ ಪಿನ್ ಕಿತ್ತು, ಗೋಡೆಯ ಪ್ಲಗ್ಗಿನ ಮೇಲಿನ ದಪ್ಪ ತೂತಿಗೆ ಟೆಸ್ಟರ್ ಹಾಕಿ, ಇನ್ನೊಂದೇ ಒಂದು ಸಲ ಗೀಸರ್ ಹಾಕಿಸಿ ನೋಡುತ್ತಾರೆ. ಅಲ್ಲೂ ದೀಪ. ಅರ್ಥಿಂಗ್ ತೂತದು; ಅಲ್ಲಿ ಕರೆಂಟೇ ಇರಬಾರದು. ಗೀಸರಿನಿಂದ ಸೋರಿದ ಕರೆಂಟು ಭೂಮಿಗೆ ಇಳಿಯಲು ದಾರಿಯಿಲ್ಲದೆ, ಅದೇ ತಂತಿ ಹಿಡಿದು ಅಡುಗೆಮನೆಗೆ ಬಂದು ಕಾಫಿ ಮಿಷನ್ನಿನ ಮೈಯಲ್ಲಿ ಕೂರುತ್ತಿದೆ. ನಸುಕಿನಲ್ಲಿ ಮಾತ್ರ ಗೀಸರ್ ಹಾಕುವುದರಿಂದ ನಸುಕಿನಲ್ಲಿ ಮಾತ್ರ ಶಾಕ್. ಮಧ್ಯಾಹ್ನ ಬಂದವನಿಗೆ ಸಿಗುವುದಾದರೂ ಹೇಗೆ?

"ಕರೆಂಟು ಭೂಮಿಗೆ ಇಳಿಯೋ ನಿಮ್ಮ ಅರ್ಥಿಂಗ್ ಗುಂಡಿ ಎಲ್ಲಿದೆ ಆನಂದಪ್ಪನೋರೇ?"

ಆನಂದಪ್ಪ ಟಾರ್ಚ್ ಹಿಡಿದು ಅಂಗಳಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಗುಂಡಿಯೇ ಕಾಣದು. ಯುಗಾದಿ ಕಳೆದ ಮೇಲೆ ಅವರೇ ಮುತುವರ್ಜಿಯಿಂದ ಮೇಸ್ತ್ರಿ ಕರೆಸಿ ಇಡೀ ಅಂಗಳಕ್ಕೆ ಸಿಮೆಂಟು ಬಳಿಸಿದ್ದಾರೆ. ಗುಂಡಿ ಅದರ ಅಡಿಯಲ್ಲಿ ಹೂತುಹೋಗಿದೆ, ಮೇ ತಿಂಗಳ ಬಿಸಿಲಿಗೆ ಒಣಗಿ ಬೂದಿಯಾಗಿದೆ. ಬಾಗಿಲಲ್ಲಿ ನಿಂತ ಸೊಣ್ಣಮ್ಮನವರಿಗೆ ಆಗ ನೆನಪಾಗುತ್ತದೆ. "ಅಲ್ಲೇ ಅಲ್ವೇನ್ಲಾ ನಾನು ದಿನಾ ಸಗಣಿನೀರು ಚಿಮುಕ್ಸಿ ಸಾರಿಸ್ತಿದ್ದದ್ದು? ದನಕ್ಕೆ ಕಲಗಚ್ಚು ಇಟ್ಟ್ ಮ್ಯಾಲೆ ಉಳಿದ ನೀರ್ನೂ ಅಲ್ಲೇ ಉಯ್ತಿದ್ದೆ. ನಾನ್ ಬಿದ್ದೋದ್ ಮ್ಯಾಲೆ ನಿನ್ ಎಂಡ್ತಿನೂ ಅಂಗೇ ಮಾಡವ್ಳು. ನೀನ್ ಬಂದು ಸಿಮೆಂಟ್ ಆಕ್ಸಿದೆ!"

ಖುದ್ದೂಸ್ ಸಾಬರು ತಲೆದೂಗುತ್ತಾರೆ. ಅತ್ತೆಯೂ ಸೊಸೆಯೂ ದಿನ ಬೆಳಗಾದರೆ ಅಂಗಳಕ್ಕೆ ಚಿಮುಕಿಸುತ್ತಿದ್ದ ನೀರೇ ಇಷ್ಟು ವರ್ಷ ಆ ಗುಂಡಿಯನ್ನು ತಂಪಾಗಿ ಇಟ್ಟಿತ್ತು. ಗೀಸರ್ ಯಾವತ್ತಿನಿಂದ ಸೋರುತ್ತಿತ್ತೋ, ಆ ಒದ್ದೆ ಮಣ್ಣು ಸದ್ದಿಲ್ಲದೆ ನುಂಗುತ್ತಿತ್ತು. "ನಲ್ಲಿ ಮುಟ್ಟಿದ್ರೆ ಜುಮ್ ಅನ್ನೋದು. ನರದ ವೀಕ್ನೆಸ್ ಇರಬೇಕು ಅಂತ ಸುಮ್ನಿದ್ದೆ," ಎಂದು ಲಕ್ಕಮ್ಮ ಈಗ ಮೆಲ್ಲಗೆ ಹೇಳುತ್ತಾರೆ. ಅತ್ತೆಯನ್ನು ದಿನವೂ ಮರದ ಮಣೆಯ ಮೇಲೆ ಕೂರಿಸಿ ನೀರು ಹಾಕುತ್ತಿದ್ದುದರಿಂದ ಅವರಿಗೆ ಏನೂ ಆಗಿರಲಿಲ್ಲ. ಆನಂದಪ್ಪ ಟಾರ್ಚಿನ ಬೆಳಕನ್ನು ಸಿಮೆಂಟಿನ ಮೇಲೆ ಆಡಿಸುತ್ತಾರೆ.

"ಮಿಷನ್ ಮೇಲೆ ಕೋಪ ಮಾಡ್ಕೋಬೇಡಿ. ಮನೇಲಿ ಕಳ್ಳ ಇದ್ದಾನೆ ಅಂತ ಅದು ಕೂಗ್ತಾ ಇತ್ತು," ಎನ್ನುತ್ತಾರೆ ಸಾಬರು.

ಅಷ್ಟರಲ್ಲಿ ಗಂಗಾನಗರದ ಕಡೆಯಿಂದ ಅಜಾನ್ ತೇಲಿ ಬರುತ್ತದೆ. ಅಡುಗೆಮನೆಯಲ್ಲಿ ಜಗ್ಗಿನ ತುಂಬ ಡಿಕಾಕ್ಷನ್ ಇಳಿದು ಕೂತಿದೆ. ಸೊಣ್ಣಮ್ಮ ಲೋಟಕ್ಕೆ ಹಾಲು ಬೆರೆಸಿದ್ದಾರೆ, ಆದರೆ ಹೊತ್ತು ಮೀರಿತು. ಸಾಬರು ಲೋಟ ನೋಡಿ ನಗುತ್ತಾರೆ, ಎದೆಯ ಮೇಲೆ ಕೈಯಿಟ್ಟು ಬೇಡವೆನ್ನುತ್ತಾರೆ. ಆನಂದಪ್ಪ ಹಿತ್ತಲಿಗೆ ಹೋಗಿ ಹಾರೆ ತಂದು, ತಾವೇ ಹಾಕಿಸಿದ ಸಿಮೆಂಟನ್ನು ತಾವೇ ಒಡೆಯಲು ನಿಲ್ಲುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಗುಂಡಿಗೆ ಇದ್ದಿಲು, ಉಪ್ಪು, ಕೊಡಗಟ್ಟಲೆ ನೀರು ಬೀಳುತ್ತದೆ. ಸಾಬರು ಗೀಸರಿನ ವೈರು ಕಳಚಿ, ಹೊಸ ಕಾಯಿಲ್ ಬರುವ ತನಕ ಹಂಡೆಯಲ್ಲೇ ನೀರು ಕಾಯಿಸಿಕೊಳ್ಳಿ ಎಂದು ಹೇಳುತ್ತಾರೆ. ಮಿಷನ್ನಿನ ಮೈಗೆ, ನಲ್ಲಿಗೆ, ಪ್ಲಗ್ಗಿಗೆ ಎಲ್ಲಕ್ಕೂ ಟೆಸ್ಟರ್ ಹಿಡಿದು ನೋಡುತ್ತಾರೆ. ಕೊನೆಗೆ ಒದ್ದೆ ನೆಲದಲ್ಲಿ ನಿಂತು ಹಿಂಗೈಯಿಂದ ಮಿಷನ್ನನ್ನು ಸವರುತ್ತಾರೆ. ಏನೂ ಇಲ್ಲ.

"ಈಗ ಮಾಡ್ಬೌದಾ ನಾನು?" ಎಂದು ಸೊಣ್ಣಮ್ಮ ಕೇಳುತ್ತಾರೆ. ಕೇಳುವುದು ಸಾಬರನ್ನಲ್ಲ, ಮಗನನ್ನು. ಆನಂದಪ್ಪ ಕೈಯ ಮಣ್ಣು ಒರೆಸಿಕೊಂಡು ಒಳಗೆ ಬರುತ್ತಾರೆ. "ಮಾಡಮ್ಮ. ಮೊದ್ಲು ನಂಗೇ ಕೊಡು," ಎನ್ನುತ್ತಾರೆ.

ಅದೇ ದಿನ ಸಂಜೆ ಪೆಟ್ಟಿಗೆ ಅಂಗಡಿಯ ಮುಂದೆ ಆನಂದಪ್ಪನವರ ಅಂಬಾಸಿಡರ್ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಸೊಣ್ಣಮ್ಮ, ಅವರ ಮಡಿಲಲ್ಲಿ ಫ್ಲಾಸ್ಕು. ಲಕ್ವ ಹೊಡೆದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೊರಟವರಲ್ಲ. "ನೀನು ಕುಡೀದೆ ಓದ್ರೆ ರಿಪೇರಿ ಆದಂಗಲ್ಲ ಅಂತ ನೀನೇ ಯೋಳ್ತೀಯಲ್ಲ, ಅದ್ಕೆ ತಂದೆ," ಎನ್ನುತ್ತಾರೆ. ಉಪವಾಸ ಬಿಡುವ ಇಫ್ತಾರಿನ ಹೊತ್ತಾಗುತ್ತದೆ. ಖುದ್ದೂಸ್ ಸಾಬರು ಖರ್ಜೂರ ತಿಂದು, ನೀರು ಕುಡಿದು, ಸುಗ್ರಾ ಮನೆಯಿಂದ ತಂದ ಗಂಜಿಯನ್ನೂ ಬದಿಗಿಟ್ಟು ಕಾಫಿ ಲೋಟಕ್ಕೆ ಕೈ ಚಾಚುತ್ತಾರೆ. ಸೊಣ್ಣಮ್ಮ ಎಡಗೈಯಲ್ಲಿ ಬಗ್ಗಿಸಿದ ಕಾಫಿ ಸ್ವಲ್ಪ ಚೆಲ್ಲುತ್ತದೆ. ಸಾಬರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಪರವಾಗಿಲ್ಲ," ಎನ್ನುತ್ತಾರೆ. ಸೊಣ್ಣಮ್ಮನವರ ಮುಖ ಅರಳುತ್ತದೆ.

ಆನಂದಪ್ಪ ಜೇಬಿಗೆ ಕೈ ಹಾಕುತ್ತಾರೆ. ಸಾಬರು ಆ ಕೈ ಹಿಡಿದು ನಿಲ್ಲಿಸುತ್ತಾರೆ. ಯಾಕೆಂದು ಅವರು ಸುಗ್ರಾಗೆ ಬಿಟ್ಟು ಯಾರಿಗೂ ಹೇಳಿದವರಲ್ಲ. ಇವತ್ತು ಆನಂದಪ್ಪನವರಿಗೆ ಹೇಳುತ್ತಾರೆ. ದ್ರಾಕ್ಷಿ ತೋಟದ ಕಾಲದಲ್ಲಿ ಒಮ್ಮೆ ಆನಂದಪ್ಪನವರ ಮನೆಯದೇ ಪಂಪ್‌ಹೌಸಿನಲ್ಲಿ, ಒದ್ದೆ ನೆಲದ ಮೇಲೆ, ಖುದ್ದೂಸರ ಕೈ ಸ್ಟಾರ್ಟರಿಗೆ ಕಚ್ಚಿಕೊಂಡಿತ್ತು. ಆಳುಗಳು ಮುಟ್ಟಲು ಹೆದರಿ ಕೂಗಾಡುತ್ತಿದ್ದರು. ಆಳುಗಳಿಗೆ ಕಾಫಿ ತರುತ್ತಿದ್ದ ಸೊಣ್ಣಮ್ಮ ಪಾತ್ರೆ ಎಸೆದು, ಚಪ್ಪರದ ಒಣ ಬಿದಿರಿನ ಗಳ ಕಿತ್ತು, ಬಲಗೈಯಲ್ಲಿ ಬೀಸಿ ಹೊಡೆದು ಬಿಡಿಸಿದರು. "ಇಲ್ಲಾಂದ್ರೆ ಅವತ್ತೇ ನನ್ನ ಕಥೆ ಮುಗೀತಿತ್ತು ಸ್ವಾಮಿ. ನನ್ನ ಮಗಳು ತಾಹೆರಾ ಹುಟ್ಟಿದ್ದೇ ಆಮೇಲೆ," ಎನ್ನುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ದೊಡ್ಡ ಅಂಗಡಿ, ಒಳ್ಳೇ ಬೋರ್ಡು ಎಂದೇನೂ ಖುದ್ದೂಸ್ ಸಾಬರು ಹೇಳುವುದಿಲ್ಲ. ಕಾರಿನೊಳಗೆ, ಮಡಿಲಲ್ಲಿ ಮಲಗಿರುವ ಆ ಬಲಗೈಯನ್ನು ನೋಡುತ್ತಾರೆ. "ಎಂತೆಂಥಾದ್ದೋ ರಿಪೇರಿ ಮಾಡ್ದೆ. ಆ ಕೈ ಒಂದು ನನಗೆ ಬರಲ್ಲ. ದಿನಾ ದುವಾ ಮಾಡ್ತೀನಿ, ಅದು ಒಂಚೂರು ಅಲ್ಲಾಡಿದ್ರೆ ಸಾಕು."

ಸೊಣ್ಣಮ್ಮ ಕಿಟಕಿಯಿಂದ ಎಡಗೈ ಚಾಚಿ ಖಾಲಿ ಲೋಟ ಇಸಿದುಕೊಳ್ಳುತ್ತಾರೆ.

"ಬಿಡಪ್ಪ, ಅದ್ರ ಪಾಡಿಗೆ ಅದು ಮಲಗ್ಲಿ. ಅದು ನಿನ್ ಒಬ್ಬನ್ನ ಉಳಿಸ್ತು, ನೀನು ನನ್ ಮನೆ ಮಂದಿನೆಲ್ಲಾ ಉಳಿಸ್ಕೊಟ್ಟೆ. ಇನ್ನೂ ಎಷ್ಟು ದುಡೀಬೇಕು ಅದು?"